ಒಗ್ಗದ ಬಿಡಿಭಾಗವನ್ನು ಒಗ್ಗಿಸುವ ಬಗೆ

ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ವಿರಳ. ಅಲ್ಲಿಗೆ ಹೋಗಲಾಗದವರೂ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಅದನ್ನು ಕಂಡಿರುತ್ತಾರೆ. ಹೆಸರಿಗೆ ರಥವಾದರೂ ಅದು ಗರುಡನ ಗುಡಿ. ಮರದ ತೇರಿನ ರೂಪವನ್ನು ಹದಿನಾರನೆಯ ಶತಮಾನದ ಶಿಲ್ಪಿಗಳು ಕಲ್ಲಿನ ತುಂಡುಗಳಲ್ಲಿ ಜೋಡಿಸಿ ತೋರಿಸಿದ ಒಂದು ಮಾದರಿ. ಕಲ್ಲಿಗೆ ಕಲ್ಲು ಕೂಡುವ ಸಂದುಗಳನ್ನು ಅವರು ಕೆತ್ತನೆಯಲ್ಲಿ ಅಡಗಿಸಿದ್ದಾರೆ. ಆದರೆ ಮುಂದೆ ನಿಂತ ಎರಡು ಆನೆಗಳ ಹಿಂಬದಿಯನ್ನು ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು ಮತ್ತು ಬಾಲಗಳ ಗುರುತು ಕಾಣುತ್ತದೆ. ಮೊದಲು ಅಲ್ಲಿದ್ದವು ಕುದುರೆಗಳು. ಅವು ಹೋದ ಮೇಲೆ ಬೇರೆಡೆಯ ಆನೆಗಳನ್ನು ತಂದು ಆ ಸ್ಥಾನದಲ್ಲಿ ನಿಲ್ಲಿಸಲಾಯಿತು. ಆನೆಗಳು ಬಿಡಿಯಾಗಿ ನೋಡಿದರೆ ಸುಂದರವೇ. ರಥಕ್ಕೂ ಅವುಗಳಿಗೂ ಮಾತ್ರ ಕೂಡಿಕೆಯಿಲ್ಲ.

ಒಂದು ಮಾದರಿಗಾಗಿ ಹುಟ್ಟಿದ ಭಾಗವಲ್ಲದ್ದನ್ನು ಅದಕ್ಕೆ ಸೇರಿಸಹೊರಟಾಗ ಒದಗುವ ತೊಡಕು ಇಂದು ನಮ್ಮ ಮನೆಗಳ ಮೇಜಿನ ಮೇಲೂ ಬಂದು ಕುಳಿತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಂಥ ಊರುಗಳಲ್ಲಿಯೂ ರಜೆಯ ದಿನಗಳಲ್ಲಿ ಪ್ಲಾಸ್ಟಿಕ್ಕಿನ ತುಣುಕುಗಳನ್ನು ಅಂಟಿಸಿ ವಿಮಾನ, ಹಡಗು, ಯುದ್ಧಟ್ಯಾಂಕುಗಳ ಕಿರುಮಾದರಿ ಕಟ್ಟುವ ಹವ್ಯಾಸಕ್ಕೆ ಮಕ್ಕಳು ಮನಸೋಲುವುದುಂಟು. ಸಾಮಾನು ಅಂಚೆಯಲ್ಲಿ ದೂರದಿಂದ ಬರಬೇಕು. ಹೊಂದದಿದ್ದರೆ ಮರಳಿಸುವ ಖರ್ಚು ಬೆಲೆಯಷ್ಟೇ ಆದೀತು. ಆದುದರಿಂದ ಒಗ್ಗದ ಭಾಗವನ್ನು ಒಗ್ಗಿಸಿಕೊಳ್ಳುವ ವಿದ್ಯೆಯನ್ನು ಹಿರಿಯರೂ ಕಿರಿಯರೂ ಕೂಡಿ ಅರಿಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಪ್ರಮಾಣವೆಂಬ ಅಳತೆಗೋಲು

ಟ್ಯಾಂಕಿನ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಮೂವತ್ತೈದರಲ್ಲಿ ಒಂದು. ಈ ಸಂಖ್ಯೆಗೆ ಶಾಸ್ತ್ರಾಧಾರವೇನೂ ಇಲ್ಲ. ಜಪಾನಿನ ತಮಿಯಾ ಸಂಸ್ಥೆ ೧೯೬೦ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಾಗ, ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸುವಷ್ಟು ದೊಡ್ಡದಾಗಿ ಅದನ್ನು ರೂಪಿಸಿತು. ಆ ಗಾತ್ರ ನಿಜದ ಮೂವತ್ತೈದನೆಯ ಒಂದು ಭಾಗಕ್ಕೆ ಸಮೀಪವಾಗಿತ್ತು. ಅದೇ ಮುಂದೆ ರೂಢಿಯಾಯಿತು. ಈ ಪ್ರಮಾಣದಲ್ಲಿ ಮಾದರಿಯ ಒಂದು ಮಿಲಿಮೀಟರು ಎಂದರೆ ನಿಜದ ಟ್ಯಾಂಕಿನ ಮೂರೂವರೆ ಸೆಂಟಿಮೀಟರು. ಕೂದಲೆಳೆಯಷ್ಟು ಸಂದು ಕೂಡ ಕಣ್ಣಿಗೆ ಚುಚ್ಚುವುದು ಇದರಿಂದಲೇ.

ಒಂದು ಉದಾಹರಣೆ ನೋಡೋಣ. ೧೯೭೧ರ ಡಿಸೆಂಬರ್ ೧೬ರಂದು ಬಸಂತರ್ ಕದನದಲ್ಲಿ ೨೧ರ ಹರೆಯದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ವೀರಮರಣವನ್ನಪ್ಪಿ ಪರಮವೀರ ಚಕ್ರಕ್ಕೆ ಪಾತ್ರರಾದರು. ಅವರು ಹೋರಾಡಿದ್ದು ‘ಫಾಮಗುಸ್ತಾ’ ಎಂಬ ಹೆಸರಿನ ಸೆಂಚೂರಿಯನ್ ಟ್ಯಾಂಕಿನಲ್ಲಿ. ಆ ಟ್ಯಾಂಕನ್ನು ಕಟ್ಟಬೇಕೆಂದು ಬಾಲಕನೊಬ್ಬ ಹಂಬಲಿಸಿದರೆ ಬ್ರಿಟಿಷ್ ಸೇನೆಯ ಸೆಂಚೂರಿಯನ್ ಮಾದರಿಯನ್ನು ಕೊಂಡು, ಬೇರೆ ತಯಾರಕರು ಮಾಡಿದ ಲೋಹದ ತೋಪಿನ ನಳಿಗೆ, ರೆಸಿನ್ನಿನ ಸಾಮಾನು ಪೆಟ್ಟಿಗೆ, ಹಿತ್ತಾಳೆಯ ಪಕ್ಕದ ತಗಡುಗಳನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಬೇಕಾದೀತು. ತೊಡಕು ಆರಂಭವಾಗುವುದು ಇಲ್ಲಿಯೇ.

ಹೊಂದದಿರಲು ಕಾರಣ

ಮೊದಲನೆಯದು, ಬಿಡಿಭಾಗ ಮಾಡಿದವರು ಯಾವ ಸಂಸ್ಥೆಯ ಮಾದರಿಯನ್ನು ಮುಂದಿಟ್ಟುಕೊಂಡು ಅಳತೆ ತೆಗೆದರೋ ಆ ಮಾದರಿ ನಮ್ಮ ಕೈಯಲ್ಲಿಲ್ಲದಿರಬಹುದು. ಎರಡನೆಯದು, ರಬ್ಬರಿನ ಅಚ್ಚಿನಲ್ಲಿ ಹೊಯ್ದ ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಅಚ್ಚು ಹಳತಾದಂತೆ ಆಕಾರವೂ ಕೆಡುತ್ತದೆ. ಮೂರನೆಯದು, ಹೊಯ್ಯುವಾಗ ಉಳಿದ ರೆಸಿನ್ನಿನ ದಿಂಡನ್ನು ಪೂರ್ತಿ ಕತ್ತರಿಸಿರುವುದಿಲ್ಲ. ನಾಲ್ಕನೆಯದು, ತೆಳುವಾದ ಭಾಗ ಸೊಟ್ಟಗಾಗಿರುತ್ತದೆ. ಐದನೆಯದನ್ನು ಯಾರೂ ಶಂಕಿಸುವುದಿಲ್ಲ: ಹೊಸ ಭಾಗ ಸರಿಯಾಗಿದ್ದು ಮೂಲ ಮಾದರಿಯೇ ತಪ್ಪಾಗಿರಬಹುದು.

ಆದ್ದರಿಂದ ಅರವನ್ನು ಕೈಗೆತ್ತಿಕೊಳ್ಳುವ ಮೊದಲು ತಪ್ಪು ಯಾವ ಕಡೆಯದೆಂದು ನಿರ್ಣಯಿಸಬೇಕು. ಸೆಂಚೂರಿಯನ್ನಿನ ನಿಜವಾದ ಅಗಲ ಸುಮಾರು ೩.೩೯ ಮೀಟರು, ೩೫ರಿಂದ ಭಾಗಿಸಿದರೆ ಮಾದರಿಯ ಅಗಲ ೯೭ ಮಿಲಿಮೀಟರಿನಷ್ಟು ಬರಬೇಕು. ಹೀಗೆ ಎರಡನ್ನೂ ನಿಜದ ಅಳತೆಯೊಡನೆ ಹೋಲಿಸಿದರೆ ಯಾವುದನ್ನು ತಿದ್ದಬೇಕೆಂಬುದು ತಿಳಿಯುತ್ತದೆ. ವ್ಯತ್ಯಾಸ ಅತ್ಯಲ್ಪವಾಗಿದ್ದಲ್ಲಿ ಬಿಡಿಭಾಗವನ್ನೇ ತಿದ್ದುವುದು ಕ್ಷೇಮ. ಒಡಲನ್ನು ಕೊರೆದರೆ ಅದಕ್ಕೆ ಕೂಡಬೇಕಾದ ಉಳಿದೆಲ್ಲ ಭಾಗಗಳೂ ಸಡಿಲವಾಗುತ್ತವೆ. ನಿಜವಾದ ಟ್ಯಾಂಕುಗಳನ್ನು ಕಣ್ಣಾರೆ ಕಾಣಬಯಸುವವರಿಗೆ ಅಹ್ಮದ್‌ನಗರದ, ಎಂದರೆ ಈಗಿನ ಅಹಿಲ್ಯಾನಗರದ, ಟ್ಯಾಂಕ್ ವಸ್ತುಸಂಗ್ರಹಾಲಯವಿದೆ.

ತಿದ್ದುವ ಕ್ರಮ

ಮೊದಲು ಸೋಪಿನ ನೀರಿನಲ್ಲಿ ರೆಸಿನ್ ಭಾಗವನ್ನು ತೊಳೆದು ಒಣಗಿಸಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಉಳಿದರೆ ಅಂಟೂ ಬಣ್ಣವೂ ನಿಲ್ಲುವುದಿಲ್ಲ. ಅನಂತರ ಅಂಟು ಹಾಕದೆಯೇ ಜೋಡಿಸಿ ನೋಡಬೇಕು. ಕೂಡದಿದ್ದಲ್ಲಿ ಒತ್ತಬಾರದು. ಕೂಡುವ ಎರಡು ಮೈಗಳಲ್ಲಿ ಒಂದಕ್ಕೆ ಮೆತ್ತಗಿನ ಸೀಸದ ಕಡ್ಡಿಯ ಪುಡಿಯನ್ನು ಸವರಿ, ಇನ್ನೊಂದನ್ನು ಮೆಲ್ಲನೆ ತಾಗಿಸಿ ತೆಗೆದರೆ ಉಬ್ಬಿರುವೆಡೆಯಲ್ಲಿ ಮಾತ್ರ ಕಪ್ಪು ಅಂಟಿರುತ್ತದೆ. ಆ ಕಪ್ಪನ್ನಷ್ಟೇ ಕೆರೆದು ಮತ್ತೆ ತಾಗಿಸಬೇಕು. ಹತ್ತು ಸಲವಾದರೂ ಸರಿಯೇ. ತೆಗೆದದ್ದನ್ನು ಮತ್ತೆ ಸೇರಿಸುವುದು ಕಷ್ಟ. ಅಡಿಭಾಗ ಸಮತಟ್ಟಾಗಬೇಕಾದಲ್ಲಿ ಗಾಜಿನ ಮೇಲೆ ಪಾಲಿಶ್ ಕಾಗದವನ್ನು ಹಾಸಿ, ನೀರು ಹನಿಸಿ, ವೃತ್ತಾಕಾರವಾಗಿ ಉಜ್ಜಬೇಕು. ರೆಸಿನ್ನಿನ ದೂಳು ಉಸಿರಿಗೆ ಹಾನಿಕರ. ನೀರಿನಲ್ಲಿ ಉಜ್ಜುವುದೂ ಮುಖಕ್ಕೆ ಮಾಸ್ಕ್ ಕಟ್ಟುವುದೂ ಕಡ್ಡಾಯವೆಂದು ತಿಳಿಯತಕ್ಕದ್ದು. ಚೂರಿ, ಬಿಸಿನೀರು ಮತ್ತು ಬೆಂಕಿಯ ಕೆಲಸದಲ್ಲಿ ಹಿರಿಯರು ಜೊತೆಗಿರಬೇಕು.

ಸೊಟ್ಟಗಾದ ರೆಸಿನ್ನನ್ನು ಬಿಸಿನೀರಿನಲ್ಲಿ ಅರೆಗಳಿಗೆ ಅದ್ದಿದರೆ ಮೆತ್ತಗಾಗುತ್ತದೆ. ನೇರಮಾಡಿ ಹಿಡಿದು ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ನಮ್ಮ ಊರಿನ ಕಂಬಾರರಿಗೆ ಈ ತತ್ತ್ವ ಹೊಸದಲ್ಲ. ಬಂಡಿಯ ಗಾಲಿಗಿಂತ ತುಸು ಕಿರಿದಾಗಿ ಮಾಡಿದ ಕಬ್ಬಿಣದ ಹಳಿಯನ್ನು ಅವರು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಮರದ ಗಾಲಿಗೆ ತೊಡಿಸಿ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಗಾಲಿಯನ್ನು ಬಿಗಿದುಕೊಳ್ಳುತ್ತದೆ. ಅಲ್ಲಿ ಕುಗ್ಗುವಿಕೆಯನ್ನು ಮೊದಲೇ ಲೆಕ್ಕಹಾಕಲಾಗಿದೆ; ಬಿಡಿಭಾಗದಲ್ಲಿ ಆ ಲೆಕ್ಕ ತಪ್ಪಿರುತ್ತದೆ. ವ್ಯತ್ಯಾಸ ಅಷ್ಟೇ.

ಹಿತ್ತಾಳೆಯ ತಗಡು ಬಾಗದೆ ಪುಟಿದರೆ ಪತ್ತಾರರು ಮಾಡುವಂತೆ ಅದನ್ನು ಉರಿಗೆ ಹಿಡಿದು ಕಾಯಿಸಿ ಆರಿಸಬೇಕು. ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ಅವರ ಸಣ್ಣ ಅರಗಳೂ ಈ ಕೆಲಸಕ್ಕೆ ಅತ್ಯಂತ ಯೋಗ್ಯ. ಲೋಹದ ನಳಿಗೆ ತೂತಿಗಿಂತ ದಪ್ಪವಾಗಿದ್ದರೆ ನಳಿಗೆಯನ್ನು ಸವೆಸಬಾರದು; ತೂತನ್ನೇ ಅರದಿಂದ ಸುತ್ತಲೂ ಸಮನಾಗಿ ಹಿಗ್ಗಿಸಬೇಕು. ಒಂದೇ ಕಡೆ ಸವೆದರೆ ತೋಪು ವಾರೆಯಾಗಿ ನೋಡುತ್ತದೆ.

ಸಂದು ಉಳಿದಲ್ಲಿ ದೊಡ್ಡದಕ್ಕೆ ಪ್ಲಾಸ್ಟಿಕ್ ಹಾಳೆಯ ಚೂರನ್ನು ಬೆಣೆಯಾಗಿ ಇಟ್ಟು, ಚಿಕ್ಕದಕ್ಕೆ ಮಾತ್ರ ಎಂ-ಸೀಲಿನಂಥ ಪುಟ್ಟಿಯನ್ನು ತುಂಬಬೇಕು. ಎಲ್ಲವನ್ನೂ ಪುಟ್ಟಿಯಿಂದಲೇ ಮುಚ್ಚಹೊರಟರೆ ಮಾದರಿ ಮಣ್ಣಿನ ಮುದ್ದೆಯಾದೀತು. ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುವ ಅಂಟು ರೆಸಿನ್ನಿಗೂ ಲೋಹಕ್ಕೂ ಹಿಡಿಯದು. ಅಲ್ಲಿ ಫೆವಿಕ್ವಿಕ್ ಬೇಕು. ಆದರೆ ಅದು ಕ್ಷಣದಲ್ಲಿ ಹಿಡಿದುಬಿಡುವುದರಿಂದ, ಸರಿಸಿ ಹೊಂದಿಸಬೇಕಾದಲ್ಲಿ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟನ್ನು ಬಳಸುವುದು ಲೇಸು.

ಕಾಣದ ಕಡೆಯ ಕೂಡಿಕೆ

ಬಹುತೇಕ ಮಕ್ಕಳು ಮೇಲಿನ ಅಲಂಕಾರಕ್ಕೆ ಕೊಡುವ ಗಮನವನ್ನು ಕೆಳಗಿನ ಚಕ್ರಗಳಿಗೆ ಕೊಡುವುದಿಲ್ಲ. ಬೇರೆ ತಯಾರಕರ ಲೋಹದ ಪಟ್ಟಾಸರಪಳಿಯನ್ನು ತೊಡಿಸಿದಾಗ ಅದರ ಕೊಂಡಿಗಳ ನಡುವಣ ಅಂತರ, ಸರಪಳಿಯನ್ನೆಳೆಯುವ ಚಕ್ರದ ಹಲ್ಲುಗಳಿಗೆ ಹೊಂದದಿದ್ದರೆ ಭಾರವೆಲ್ಲ ಅಚ್ಚುಗಳ ಮೇಲೆ ಎಳೆದುಕೊಂಡು ಬೀಳುತ್ತದೆ. ಪ್ಲಾಸ್ಟಿಕ್ಕಿನ ಅಚ್ಚು ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಚಕ್ರಗಳೆಲ್ಲ ಗಾಜಿನ ಮೇಲೆ ಸಮನಾಗಿ ಊರಿವೆಯೇ ಎಂದು ನೋಡಿದ ಮೇಲೆಯೇ ಸರಪಳಿ ತೊಡಿಸಬೇಕು.

ಅಚ್ಚಿನ ಮಹತ್ತ್ವವನ್ನು ಈ ಸೀಮೆಯವರಿಗೆ ನಾವು ವಿವರಿಸಬೇಕಾಗಿಲ್ಲ. ೨೦೧೭ರ ಫೆಬ್ರವರಿ ೨೧ರಂದು ಕೊಟ್ಟೂರಿನ ಶ್ರೀ ಗುರುಬಸವೇಶ್ವರರ ರಥೋತ್ಸವದಲ್ಲಿ ಅಚ್ಚು ಮುರಿದು ತೇರು ಉರುಳಿ ಹಲವರು ಗಾಯಗೊಂಡರು. ಅಂಥ ಎತ್ತರದ ತೇರಿನಲ್ಲಿ ಭಕ್ತರ ಕಣ್ಣು ಕಳಸದ ಮೇಲಿರುತ್ತದೆ. ತೇರು ನಿಂತಿರುವುದು ಅಚ್ಚಿನ ಮೇಲೆ. ಆಟದ ಟ್ಯಾಂಕು ಮುರಿದರೆ ಯಾರಿಗೂ ಗಾಯವಾಗದು, ನಿಜ. ಆದರೆ ಒಗ್ಗದಿರುವುದನ್ನು ಒತ್ತಿ ಕೂಡಿಸದೆ, ಎಲ್ಲಿ ತಾಗುತ್ತದೆಂದು ಹುಡುಕಿ ಅಷ್ಟನ್ನೇ ತಿದ್ದುವ ಕೈ ನಾಳೆ ಗಾಲಿಯನ್ನೋ ಯಂತ್ರವನ್ನೋ ಸೇತುವೆಯನ್ನೋ ಕಟ್ಟುವ ಕೈಯೂ ಆಗಬಹುದು. ಬರುವ ರಜೆಯಲ್ಲಿ ಮಗು ಮುರಿದ ಮುಖ ಮಾಡಿಕೊಂಡು ಒಗ್ಗದ ಭಾಗವನ್ನು ತಂದು ತೋರಿಸಿದರೆ, “ದುಡ್ಡು ಹಾಳಾಯಿತು” ಎನ್ನದೆ, ಒಂದು ಗಾಜಿನ ಚೂರು, ಒಂದು ಸೀಸದ ಕಡ್ಡಿ, ಒಂದು ಸಣ್ಣ ಅರವನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಮನೆಯ ಹಿರಿಯರಲ್ಲಿ ನಮ್ಮ ವಿನಂತಿ.