ನಿಮಗಿದು ಗೊತ್ತೆ? ಹೂವಿನೊಳಗೆ ದೀಪ ಹಚ್ಚುವ ಬಿಸಿಲು

ಬೆಳಗಿನ ಎಳೆಬಿಸಿಲಿಗೆ ಅಡ್ಡಲಾಗಿರುವ ಕೆಂಪು ದಾಸವಾಳವನ್ನು ಈಚೆಯಿಂದ ನೋಡಿ. ಎಸಳೊಳಗೆ ಯಾರೋ ದೀಪ ಹಚ್ಚಿಟ್ಟಂತೆ ಕಾಣುತ್ತದೆ! ಬೆಳಕು ಮುಂದಿನಿಂದ ಬಿದ್ದಾಗ ಅದರ ಸ್ವಲ್ಪ ಭಾಗ ಎಸಳಿನ ಮೇಲ್ಮೈಯಲ್ಲೇ ಪ್ರತಿಫಲಿಸಿ, ಬಿಳಿ ಹೊಳಪಾಗಿ ಬಣ್ಣವನ್ನು ತೆಳುವಾಗಿಸುತ್ತದೆ. ಹಿಂದಿನಿಂದ ಬಂದ ಬೆಳಕಾದರೋ ಎಸಳನ್ನು ದಾಟಿಯೇ ಬರಬೇಕು. ದಾಸವಾಳದ ಕೆಂಪಿಗೆ ಕಾರಣ ಜೀವಕೋಶಗಳಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಅದು ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ದಾಟಲು ಬಿಡುತ್ತದೆ. ನರಗಳ ಜಾಲ, ಮೊಗ್ಗಿನ ಮೇಲಿನ ನವಿರು ರೋಮ ಎಲ್ಲವೂ ಆಗ ಎದ್ದು ಕಾಣುತ್ತವೆ.

ಕ್ಯಾಮೆರಾ ಮಾತ್ರ ಇಲ್ಲಿ ಮೋಸಹೋಗುತ್ತದೆ. ದೃಶ್ಯವನ್ನೆಲ್ಲ ಮಧ್ಯಮ ಬೂದುಬಣ್ಣದ ಸರಾಸರಿಗೆ ತರುವುದು ಅದರ ಮೀಟರಿನ ಸ್ವಭಾವ. ಹಿನ್ನೆಲೆ ಬೆಳ್ಳಗಿನ ಆಕಾಶವಾದರೆ ಹೂ ಕಪ್ಪಾಗುತ್ತದೆ. ಎಕ್ಸ್‌ಪೋಶರನ್ನು 1 ಸ್ಟಾಪ್ ಏರಿಸಿ ನೋಡಿ. ಹಿನ್ನೆಲೆ ಮರದ ನೆರಳಾದರೆ ಎಸಳೇ ಬೆಳ್ಳಗೆ ಸುಟ್ಟಂತಾಗುತ್ತದೆ, ಆಗ ಇಳಿಸಬೇಕು. ನನಗಂತೂ ಈ ನೆರಳಿನ ಹಿನ್ನೆಲೆಯೇ ಇಷ್ಟ, ಹೂವಿನ ಬೆಳಕು ಅರಳುವುದು ಅಲ್ಲೇ.

ಫೋಕಸ್ ಇನ್ನೂ ಸೂಕ್ಷ್ಮ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಹೂವನ್ನು 1:1 ಅಳತೆಯಲ್ಲಿ, ಅಂದರೆ ಸೆನ್ಸರಿನ ಮೇಲೆ ಅದರ ನಿಜಗಾತ್ರದಲ್ಲೇ ಮೂಡುವಂತೆ, ಎಫ್/8 ಅಪರ್ಚರಿನಲ್ಲಿ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1 ಮಿಲಿಮೀಟರ್ ಅಷ್ಟೇ. ಗಾಳಿ ತುಸು ಅಲುಗಿದರೂ ಕೇಸರದ ತುದಿ ಮಸುಕು.

ಒಂದು ಎಚ್ಚರಿಕೆ: ಆಪ್ಟಿಕಲ್ ವ್ಯೂಫೈಂಡರಿನಲ್ಲಿ ನೇರವಾಗಿ ಸೂರ್ಯನನ್ನು ನೋಡಬೇಡಿ, ಕಣ್ಣಿಗೆ ಅಪಾಯ. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದರೆ ಆ ಬಿಸಿಲಿನಿಂದ ಚಿತ್ರಕ್ಕೆ ಕವಿಯುವ ಮಂಜೂ ಕರಗುತ್ತದೆ.