ಕೋಟದಲ್ಲಿ ಕೇಳಿದ ಪ್ರಶ್ನೆಗಳು

ಕೋಟ ಎಂದೊಡನೆ ಕನ್ನಡ ವಾಚಕರಿಗೆ ಶಿವರಾಮ ಕಾರಂತರ ನೆನಪಾಗುವುದು ಸಹಜ. ಅವರು ಹುಟ್ಟಿದ ಆ ಕರಾವಳಿಯ ಊರು ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಸ್ಥಾನ ಪಡೆದಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1976ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವೇ ಇದಕ್ಕೆ ಕಾರಣ. ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಮಣಿಪಾಲದಲ್ಲಿ ಕೆಲಸ ಮಾಡಿದ ಡಾ. ಆರ್. ಎಲ್. ಕಪೂರ್ ಅದರ ಕರ್ತೃಗಳು.

ಮನೋವ್ಯಾಧಿಯ ಲೆಕ್ಕವನ್ನು ಆಸ್ಪತ್ರೆಯ ದಾಖಲೆಗಳಿಂದ ತೆಗೆಯುವುದು ಸುಲಭ. ಆದರೆ ಆಸ್ಪತ್ರೆಗೆ ಬರುವವನು ಯಾರು? ಮನೆಯವರಿಗೆ ಸಹಿಸಲಾಗದಷ್ಟು ಉಗ್ರನಾದವನು. ಮೌನವಾಗಿ ಬೇಯುವವರು ಮನೆಯಲ್ಲಿಯೇ ಉಳಿಯುತ್ತಾರೆ. ಹಳ್ಳಿಯ ಬಾಳು ನಿಶ್ಚಿಂತವಾದುದು, ಮನಸ್ಸಿನ ಬೇನೆಯೆಲ್ಲ ಪಟ್ಟಣದ ಪಾಲು ಎಂಬ ಸುಂದರವಾದ ನಂಬಿಕೆಯೂ ಇದರಿಂದಲೇ ಬೆಳೆಯಿತೆನ್ನಬಹುದು. ಈ ಸಂಶೋಧಕರು ರೋಗಿ ಬರಲೆಂದು ಕಾಯದೆ ಮನೆಯ ಬಾಗಿಲಿಗೇ ಹೋದರು. ಬ್ರಾಹ್ಮಣ, ಬಂಟ, ಮೊಗವೀರ ಈ ಮೂರು ಸಮುದಾಯಗಳನ್ನು ಆರಿಸಿಕೊಂಡರು. ಕೊನೆಯ ಎರಡು ಅಳಿಯಸಂತಾನದ ಪದ್ಧತಿಯವು. ಆ ಪದ್ಧತಿಯೂ ಆಗ ಬದಲಾಗುತ್ತಲಿತ್ತು. ಬದಲಾವಣೆಯ ಭಾರವನ್ನು ಮನಸ್ಸು ಹೇಗೆ ಹೊರುತ್ತದೆಂಬುದೇ ಅವರ ಜಿಜ್ಞಾಸೆ.

ಅದಕ್ಕೆ ಬೇಕಾದ ಉಪಕರಣವನ್ನು ಅವರು ಇಲ್ಲಿಯೇ ನಿರ್ಮಿಸಿದರು. ಕಪೂರ್, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ ಭಾರತೀಯರಿಗಾಗಿಯೇ ರೂಪಿಸಿದ ಪ್ರಶ್ನಾವಳಿಗಳು 1974ರಲ್ಲಿ ಬೆಳಕು ಕಂಡವು. ಪರದೇಶದ ಪ್ರಶ್ನೆಗಳನ್ನು ಭಾಷಾಂತರಿಸಿ ಕೇಳುವುದಕ್ಕೂ, ನಮ್ಮ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಯನ್ನು ಅರಿತು ಕೇಳುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಕೋಟದ ಜನ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಇವರಲ್ಲಿಗೂ ಹೋಗುತ್ತಿದ್ದರು, ಡಾಕ್ಟರರಲ್ಲಿಗೂ ಹೋಗುತ್ತಿದ್ದರು. ಒಂದನ್ನು ನಂಬಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ತೋರಲಿಲ್ಲ. 1979ರಲ್ಲಿ ಕಪೂರರು ಈ ವಿಷಯವನ್ನು ಕುರಿತೇ ಪ್ರತ್ಯೇಕ ಪ್ರಬಂಧ ಬರೆದರು. ಮೂಢನಂಬಿಕೆಯೆಂದು ಜರೆಯುವುದಕ್ಕೆ ಮೊದಲು ಜನ ಅಲ್ಲಿ ಪಡೆಯುವುದೇನೆಂದು ಕೇಳಬೇಕೆಂಬ ವಿವೇಕ ಆ ಬರವಣಿಗೆಯಲ್ಲಿದೆ.

ಗ್ರಂಥದ ಪ್ರಭಾವವನ್ನು ವಿದ್ವಾಂಸರ ಉಲ್ಲೇಖಗಳಿಂದ ಮಾತ್ರ ಅಳೆಯುವಂತಿಲ್ಲ. ಮುಂದೆ ಕಪೂರರು ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಬೆಳೆಯಿತು. ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತಲೆಯೆತ್ತಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು ಪ್ರಾಥಮಿಕ ಕೇಂದ್ರದಲ್ಲಿಯೇ ಚಿಕಿತ್ಸೆ ದೊರಕಿಸುವ ಪ್ರಯೋಗ ನಡೆಯಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಯೋಜನೆ ದೇಶದಲ್ಲಿ ಪ್ರಾರಂಭವಾಯಿತು. ಇದೆಲ್ಲವೂ ಒಂದು ಪುಸ್ತಕದ ಫಲವೆಂದರೆ ಅತಿಶಯೋಕ್ತಿಯಾದೀತು. ಅನೇಕರ ಶ್ರಮ ಇದರ ಹಿಂದಿದೆ. ಆದರೆ ರೋಗವನ್ನು ಅರಸಿಕೊಂಡು ಹಳ್ಳಿಗೆ ಹೋಗಬೇಕೆಂಬ ದೃಷ್ಟಿಗೆ ಕೋಟದ ಅಧ್ಯಯನ ಬಲವಾದ ಆಧಾರವಿತ್ತಿತು.

ವಿಜಯಪುರ ಜಿಲ್ಲೆಯ ಮಸೂತಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ ಆ ದೃಷ್ಟಿ ಕೋಟದಲ್ಲಿಯೇ ನಿಲ್ಲಬಾರದೆನಿಸುತ್ತದೆ. ಆ ಊರಿನ ಪ್ರಶ್ನೆಗಳನ್ನು ಇದ್ದಂತೆಯೇ ಇಲ್ಲಿ ಕೇಳಿದರೆ ಉತ್ತರ ದೊರೆಯಲಾರದು. ಕುಂದಾಪುರ ಸೀಮೆಯ ಕನ್ನಡ ಬೇರೆ, ನಮ್ಮ ಸೀಮೆಯ ಕನ್ನಡ ಬೇರೆ. ‘ಖಿನ್ನತೆ’ ಎಂಬ ಶಬ್ದ ನಮ್ಮಲ್ಲಿ ಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಇಲ್ಲಿಯ ತಾಯಿ ‘ತಲಿ ಭಾರ ಆಗೈತಿ’, ‘ನಿದ್ದಿ ಹತ್ತವಲ್ದು’, ‘ಮೈಯಾಗ ಕಸುವಿಲ್ಲ’ ಎಂದಾಳೇ ಹೊರತು ಮನಸ್ಸಿಗೆ ಬೇನೆಯೆಂದು ಹೇಳುವುದು ವಿರಳ. ಕೇಳುವವರು ಅದನ್ನು ದೇಹದ ದೂರೆಂದಷ್ಟೇ ತಿಳಿದರೆ ಆಕೆಗೆ ಒಂದು ಸೂಜಿಮದ್ದು ಸಿಕ್ಕೀತು. ದುಃಖ ಇದ್ದಲ್ಲಿಯೇ ಇದ್ದೀತು. ಬೆಳೆ ಹೋದ ವರ್ಷ ಮಾತು ಕಡಿಮೆ ಮಾಡಿದ ರೈತನ ವಿಷಯದಲ್ಲಿ ಈ ಅಲಕ್ಷ್ಯದ ಬೆಲೆ ಪ್ರಾಣವೇ ಆಗಬಹುದು.

ಆದುದರಿಂದ ಇದು ವೈದ್ಯರ ಕೆಲಸ ಮಾತ್ರವಲ್ಲ. ಆಡುನುಡಿಯಲ್ಲಿ ನೋವಿಗಿರುವ ಹೆಸರುಗಳನ್ನು ಬಲ್ಲವರು ಭಾಷೆಯನ್ನು ಪ್ರೀತಿಸುವ ಶಿಕ್ಷಕರು, ವಿದ್ಯಾರ್ಥಿಗಳು. ಗಾದೆ, ಒಗಟುಗಳನ್ನು ಕೂಡಿಸುವ ಶ್ರದ್ಧೆಯಿಂದಲೇ ಈ ಮಾತುಗಳನ್ನೂ ಅವರು ಕೂಡಿಸಿ ವೈದ್ಯರ ಕೈಗಿತ್ತರೆ, ಕಪೂರರ ವಿದ್ವತ್ತಿಗೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲ.