ಅಜ್ಜನ ರೈಫಲ್‌ಗೆ ಹೊಸ ನಳಿಗೆ: ಬದಲಾಗುವುದು ನಳಿಗೆಯೊಂದೇ ಅಲ್ಲ

ಸುಂಕಸಾಳ (ಅಂಕೋಲಾ): ಒಂದೆಡೆ ಗಂಗಾವಳಿ, ಇನ್ನೊಂದೆಡೆ ಘಟ್ಟದ ಕಾಡು. ನಡುವಿನ ಗದ್ದೆ, ತೋಟಗಳಿಗೆ ಕಾಡುಹಂದಿ ಮತ್ತು ಮಂಗಗಳ ಕಾಟ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಬದಿಯ ಸುಂಕಸಾಳದಂತಹ ಊರುಗಳಲ್ಲಿ ಕೋವಿ ಎಂದರೆ ಬಹುಮಟ್ಟಿಗೆ ಬೆಳೆ ರಕ್ಷಣೆಯ ಕೋವಿ: ಕೇಪು ಹೊಡೆಯುವ ಒಂಟಿ ನಳಿಗೆಯದು, ಇಲ್ಲವೇ 12 ಬೋರಿನದು. ಆದರೆ ಮಲೆನಾಡು ಹಾಗೂ ಕರಾವಳಿಯ ಕೆಲವು ಹಳೆಯ ಮನೆತನಗಳಲ್ಲಿ ಶಿಕಾರಿಯ ಕಾಲದ ರೈಫಲ್‌ಗಳೂ ಉಳಿದುಕೊಂಡಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯನ್ನು ನಿಲ್ಲಿಸಿತು. ರೈಫಲ್ ಮಾತ್ರ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದಿತು.

ಇಂತಹ ರೈಫಲ್‌ಗಳಿಗೆ ಒದಗುವ ಸಂಕಟ ಎರಡು. ಒಂದು, ಅದಕ್ಕೆ ಹೊಂದುವ ತೋಟೆ ಪೇಟೆಯಲ್ಲಿ ಸಿಗದು. ಇನ್ನೊಂದು, ನಳಿಗೆಯೇ ತುಕ್ಕು ಹಿಡಿದು ಒಳಗಿನ ಸುರುಳಿ ಗೀರುಗಳು ಸವೆದುಹೋಗಿರುತ್ತವೆ. ಹಳೆಯ ತೋಟೆಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಉಪ್ಪಿನಂತಹ ಶೇಷವನ್ನು ಬಿಡುತ್ತಿತ್ತು. ಈ ಶೇಷ ಗಾಳಿಯ ತೇವವನ್ನು ಹೀರುತ್ತದೆ. ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚದೆ ಒಂದು ಮಳೆಗಾಲ ಅಟ್ಟದ ಮೇಲಿಟ್ಟರೆ ಸಾಕು, ಒಳಗಿನ ಉಕ್ಕು ಹಾಳಾಗುತ್ತದೆ. ಆಗ ಏಳುವ ಪ್ರಶ್ನೆ ಸಹಜವಾದುದೇ: ರೈಫಲ್‌ನ ಉಳಿದ ಭಾಗವೆಲ್ಲ ಗಟ್ಟಿಯಾಗಿರುವಾಗ, ಸುಲಭವಾಗಿ ತೋಟೆ ಸಿಗುವ ಬೇರೊಂದು ಅಳತೆಯ ನಳಿಗೆಯನ್ನು ಅದಕ್ಕೆ ಕೂಡಿಸಬಾರದೇಕೆ?

ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಸಾಧ್ಯ. ಜಗತ್ತಿನ ಅನೇಕ ದೇಶಗಳಲ್ಲಿ ನುರಿತ ಕೋವಿ ತಯಾರಕರು ಇದನ್ನು ದಿನನಿತ್ಯ ಮಾಡುತ್ತಾರೆ. ಬೋಲ್ಟ್ ರೈಫಲ್‌ಗಳಲ್ಲಿ ನಳಿಗೆಯು ಸಾಮಾನ್ಯವಾಗಿ ಹಿಂದಿನ ಉಕ್ಕಿನ ಚೌಕಟ್ಟಿಗೆ ತಿರುಪಿನ ಮೂಲಕ ಕೂಡಿರುತ್ತದೆ, ಬಿಚ್ಚಿದರೆ ಬರುತ್ತದೆ. ತೊಡಕಿರುವುದು ಬಿಚ್ಚುವುದರಲ್ಲಲ್ಲ, ಹೊಸದನ್ನು ಕೂಡಿಸುವುದರಲ್ಲಿ.

ಮೊದಲನೆಯದಾಗಿ, ಅಳತೆಯ ಹೆಸರನ್ನೇ ನಂಬುವಂತಿಲ್ಲ. .303 ಎಂಬುದು ಗೀರು ಕೊರೆಯುವ ಮುನ್ನ ನಳಿಗೆಗಿರುವ ಒಳವ್ಯಾಸ. ಅದರಲ್ಲಿ ಹಾರುವ ಗುಂಡಿನ ವ್ಯಾಸ ಸುಮಾರು.311 ಇಂಚು. ಅಮೆರಿಕದ .30-06ರಲ್ಲಿ ಗುಂಡಿನ ವ್ಯಾಸ .308 ಇಂಚು, ಹೆಸರಿನ ಕೊನೆಯ ಅಂಕಿ ಅದು ಸೇನೆಗೆ ಸೇರಿದ 1906ನೆಯ ಇಸವಿ. ಎರಡನೆಯದಾಗಿ ತೋಟೆಯ ಬುಡ. .303ರ ಹಿತ್ತಾಳೆ ಕೋಶಕ್ಕೆ ಹಿಂಬದಿಯಲ್ಲಿ ಅಂಚುಪಟ್ಟಿ ಇದೆ, .30-06ಕ್ಕೆ ಅಂತಹ ಅಂಚಿಲ್ಲ. ಒಂದನ್ನು ಹಿಡಿದೆಳೆಯುವ ಕೊಕ್ಕೆ ಇನ್ನೊಂದನ್ನು ಹಿಡಿಯದು. ಒಂದರ ಕೋಶದ ಉದ್ದ ಸುಮಾರು 56 ಮಿಲಿಮೀಟರ್, ಇನ್ನೊಂದರದು 63. ಆದ್ದರಿಂದ ತೋಟೆಪೆಟ್ಟಿಗೆಯೂ ಸಾಲದು. ಅಂದರೆ ನಳಿಗೆಯ ಜೊತೆಗೆ ಬೋಲ್ಟು, ಕೊಕ್ಕೆ, ಪೆಟ್ಟಿಗೆ ಎಲ್ಲವೂ ಬದಲಾಗಬೇಕು.

ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟೆ ಕೂರುವ ಜಾಗಕ್ಕೂ ನಡುವಿನ ಅಂತರ ಇಂಚಿನ ಸಾವಿರದಲ್ಲಿ ಕೆಲವೇ ಭಾಗ ಹೆಚ್ಚಾದರೂ ಹಿತ್ತಾಳೆ ಕೋಶ ಹರಿದು, ಬಿಸಿ ಅನಿಲ ಹಿಂದಕ್ಕೆ, ಗುರಿಯಿಟ್ಟವನ ಕಣ್ಣಿನತ್ತ ಚಿಮ್ಮಬಹುದು. ಯುರೋಪಿನ ಮಾನದಂಡದಂತೆ .303ರ ಗರಿಷ್ಠ ಒತ್ತಡ 365 ಮೆಗಾಪಾಸ್ಕಲ್, .30-06ರದು 405. ಒಂದನ್ನು ತಾಳಿದ ಹಳೆಯ ಉಕ್ಕು ಇನ್ನೊಂದನ್ನೂ ತಾಳೀತೆಂಬ ಭರವಸೆ ಯಾವುದು? ಬ್ರಿಟನ್ನಿನಲ್ಲಿ 1868ರ ಕಾಯ್ದೆಯ ಪ್ರಕಾರ ಇಂತಹ ಮಾರ್ಪಾಟಾದ ರೈಫಲ್ ಅನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದಲ್ಲಿ ಹೆಚ್ಚಿನ ಒತ್ತಡದ ತೋಟೆ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತಿಸದೆ ಮಾರುವಂತಿಲ್ಲ. ಕುಲುಮೆಯ ಆಚಾರಿ ಎಷ್ಟೇ ಕುಶಲಿಯಾಗಿರಲಿ, ಕಣ್ಣಂದಾಜಿನಲ್ಲಿ ನಡೆಸುವ ಕೆಲಸ ಇದಲ್ಲ.

ಈಶಾಪುರದ ಉದಾಹರಣೆ

ಇದಕ್ಕೆ ಭಾರತದಲ್ಲಿಯೇ ದೊಡ್ಡ ನಿದರ್ಶನವಿದೆ. 1962ರ ಚೀನಾ ಯುದ್ಧದ ತರುವಾಯ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯು .303 ಲೀ-ಎನ್‌ಫೀಲ್ಡ್ ವಿನ್ಯಾಸವನ್ನು 7.62 ಮಿಲಿಮೀಟರ್ ತೋಟೆಗೆ ಹೊಂದಿಸಿತು. ಹೊಸ ತೋಟೆಯ ಒತ್ತಡ ಹೆಚ್ಚು. ಆದುದರಿಂದ ಹಳೆಯ ರೈಫಲ್‌ಗಳಿಗೆ ನಳಿಗೆ ಬದಲಿಸುವ ದಾರಿ ಹಿಡಿಯದೆ, ಉತ್ತಮ ಉಕ್ಕಿನಿಂದ ಹೊಸ ರೈಫಲ್‌ಗಳನ್ನೇ ತಯಾರಿಸಲಾಯಿತು. ‘2ಎ’, ‘2ಎ1’ ಎಂದು ಅವು ಹೆಸರಾದವು. ಸರ್ಕಾರಿ ಕಾರ್ಖಾನೆಯೇ ತೆಗೆದುಕೊಳ್ಳದ ಅಪಾಯವನ್ನು ಮನೆಯ ಜಗುಲಿಯಲ್ಲಿ ತೆಗೆದುಕೊಳ್ಳುವುದು ಜಾಣತನವಲ್ಲ.

ಅಳತೆಯ ಬದಲಾವಣೆಗೆ ಕಾನೂನೇ ಕಾರಣವಾದುದೂ ಉಂಟು. ಸೇನೆಯ ತೋಟೆ ದಂಗೆಕೋರರ ಕೈ ಸೇರಬಾರದೆಂದು ಬ್ರಿಟಿಷ್ ಆಡಳಿತವು 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ .450 ಅಳತೆಯ ರೈಫಲ್‌ಗಳನ್ನು ಖಾಸಗಿಯವರಿಗೆ ನಿಷೇಧಿಸಿತು. ಇಂಗ್ಲೆಂಡಿನ ತಯಾರಕರು ಕೂಡಲೇ .465, .470ರಂತಹ ಹೊಸ ಅಳತೆಗಳನ್ನು ಸೃಷ್ಟಿಸಿದರು. ಸೇನೆಯ .303 ಕೂಡ ನಾಗರಿಕರಿಗೆ ದಕ್ಕಲಿಲ್ಲ, ಆ ಜಾಗಕ್ಕೆ.315 ಬಂದಿತು. ಈಶಾಪುರದಲ್ಲಿ ತಯಾರಾಗುವ .315 ರೈಫಲ್ ನೋಡಲು ಲೀ-ಎನ್‌ಫೀಲ್ಡಿನ ಸೋದರನಂತಿದೆ, ತೋಟೆ ಮಾತ್ರ ಬೇರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿಯೂ ಸೇನಾ ಅಳತೆಗೆ ನಿರ್ಬಂಧವಿದ್ದುದರಿಂದ ಬೇಟೆಗಾರರು .303 ರೈಫಲ್‌ಗಳಿಗೆ .25 ಅಳತೆಯ ನಳಿಗೆ ಹಾಕಿಸಿಕೊಂಡರು.

ಸೇನಾ ಅಳತೆಯಲ್ಲದ ರೈಫಲ್‌ಗಳ ಪಾಡು ತೋಟೆಯ ಕೊರತೆ. ಕರ್ನಾಟಕದ ಕಾಡುಗಳ ಬೇಟೆಯ ಕಥೆಗಳನ್ನು ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್ (ನಿಧನ: 1974) ಬಳಸುತ್ತಿದ್ದುದು .405 ವಿಂಚೆಸ್ಟರ್. ಅಂತಹ ವಿದೇಶಿ ರೈಫಲ್ ಇಂದು ಯಾರ ಮನೆಯಲ್ಲಿದ್ದರೂ ತೋಟೆಗಾಗಿ ಪರದಾಡಬೇಕಾದೀತು.

ಕಾಯ್ದೆ ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿಯನ್ನು ತಯಾರಿಸುವುದಷ್ಟೇ ಅಲ್ಲ, ಅದನ್ನು ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು ಸಹ ಪ್ರತ್ಯೇಕ ಪರವಾನಗಿ ಬೇಕು. ಮಾಲೀಕನ ಕೈಯಲ್ಲಿರುವುದು ಕೋವಿ ಇಟ್ಟುಕೊಳ್ಳುವ ಪರವಾನಗಿ. ಅದು ಈ ಕೆಲಸಕ್ಕೆ ಸಲ್ಲದು. 2019ರ ತಿದ್ದುಪಡಿಯು 6ನೇ ಕಲಮಿಗೆ ಇನ್ನೊಂದು ಮಾತನ್ನು ಸೇರಿಸಿತು: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಕೋವಿಯನ್ನು ಮತ್ತೊಂದು ವರ್ಗಕ್ಕೆ ಪರವಾನಗಿಯಿಲ್ಲದೆ ಬದಲಿಸುವಂತಿಲ್ಲ. ಎರಡೂ ಕಲಮುಗಳ ಉಲ್ಲಂಘನೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ. ತುಕ್ಕು ಹಿಡಿದ ನಳಿಗೆಯೊಂದನ್ನು ಬದಲಿಸುವ ಆಸೆಗೆ ಇದು ತೀರ ದುಬಾರಿ ಬೆಲೆ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. .303 ಅಥವಾ 7.62 ಮಿಲಿಮೀಟರ್ ಸೇನಾ ತೋಟೆಯನ್ನು ತುಂಬಿ ಹಾರಿಸಬಲ್ಲ ಯಾವುದೇ ಬೋಲ್ಟ್ ರೈಫಲ್ ನಿಯಮಗಳ ಮೊದಲ ವರ್ಗಕ್ಕೆ, ಅಂದರೆ ನಿಷೇಧಿತ ಶಸ್ತ್ರಗಳ ಸಾಲಿಗೆ ಸೇರುತ್ತದೆ. ಅದನ್ನು ಹೊಂದಲು ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. .315 ರೈಫಲ್‌ಗೆ ಸೋದರ ರೈಫಲ್‌ನ .303 ನಳಿಗೆ ಕೂಡಿಸಿದವನು ನಿನ್ನೆಯವರೆಗೆ ಪರವಾನಗಿದಾರ, ಇಂದು ನಿಷೇಧಿತ ಶಸ್ತ್ರದ ಒಡೆಯ. ತಯಾರಕರ ಹೆಸರು, ಸಂಖ್ಯೆಗಳಿರುವ ಗುರುತನ್ನು ಅಳಿಸುವುದು, ತಿದ್ದುವುದು ಸಹ 8ನೇ ಕಲಮಿನಂತೆ ಅಪರಾಧ. ಅನೇಕ ಹಳೆಯ ರೈಫಲ್‌ಗಳಲ್ಲಿ ಈ ಗುರುತು ಇರುವುದು ನಳಿಗೆಯ ಮೇಲೆಯೇ.

ಹಂದಿ ಓಡಿಸಲಿಕ್ಕಾದರೂ ಅದನ್ನು ಗೀರಿಲ್ಲದ 12 ಬೋರಿನ ಕೋವಿಯಾಗಿ ಮಾಡಿಕೊಳ್ಳೋಣವೆಂದರೆ ಅದೇ ವರ್ಗ ಬದಲಾವಣೆಯ ತೊಡಕು ಎದುರಾಗುತ್ತದೆ. ಬೆಳೆ ರಕ್ಷಣೆಗೆ ಕಾಯ್ದೆಯ 13ನೇ ಕಲಮು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಗೀರಿಲ್ಲದ ನಳಿಗೆಯ ಬೇರೆ ಕೋವಿಯನ್ನು. ರೈಫಲ್‌ನ ಪ್ರಸ್ತಾಪ ಅಲ್ಲಿಲ್ಲ. ಕೋವಿಯ ಪರವಾನಗಿಯೆಂದರೆ ಹಂದಿಯನ್ನು ಕೊಲ್ಲುವ ಅನುಮತಿಯೂ ಅಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಗೊಂಡ ಪರವಾನಗಿ ವಿನಾಯಿತಿಯನ್ನು ಉತ್ತರ ಕನ್ನಡದವರು ಕೇಳುವಂತಿಲ್ಲ.

ಹಾಗಾದರೆ ಅಜ್ಜನ ರೈಫಲ್ ಏನಾಗಬೇಕು? ಪರವಾನಗಿದಾರ ಜೀವಂತವಿದ್ದು 70 ವರ್ಷ ತುಂಬಿದ್ದರೆ, ಅಥವಾ 25 ವರ್ಷ ಕೋವಿ ಹೊಂದಿದ್ದರೆ, 2016ರ ನಿಯಮಗಳ 25ನೇ ನಿಯಮದಂತೆ ಅರ್ಹ ವಾರಸುದಾರನ ಹೆಸರಿಗೆ ಪರವಾನಗಿ ಕೋರಬಹುದು. ಆತ ತೀರಿಕೊಂಡಿದ್ದರೂ ವಾರಸುದಾರರಿಗೆ ಈ ದಾರಿಯಿದೆ. 2019ರಿಂದ ಒಬ್ಬರಿಗೆ ಎರಡೇ ಕೋವಿಗಳ ಮಿತಿಯಿದ್ದು, ಪಿತ್ರಾರ್ಜಿತ ಕೋವಿಯೂ ಆ ಲೆಕ್ಕಕ್ಕೆ ಸೇರುತ್ತದೆ. ನಳಿಗೆ ಬದಲಿಸಲೇಬೇಕೆಂದಿದ್ದರೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಮೊದಲೇ ಅರ್ಜಿ ಸಲ್ಲಿಸಿ, ಮಾರ್ಪಡಿಸುವ ಪರವಾನಗಿ ಇರುವ ತಯಾರಕರಲ್ಲಿಯೇ ಮಾಡಿಸಿ, ಹೊಸ ಅಳತೆಯನ್ನು ಪರವಾನಗಿಯಲ್ಲಿ ನಮೂದಿಸಿಕೊಳ್ಳಬೇಕು. ಅಲ್ಲಿಯವರೆಗೆ, ಪರವಾನಗಿದಾರನಿಲ್ಲದ ಮನೆಯಲ್ಲಿ ರೈಫಲ್ ಉಳಿಯುವಂತಿಲ್ಲ. 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಅದನ್ನು ಠೇವಣಿ ಇಟ್ಟು ರಸೀದಿ ಪಡೆಯಬೇಕು.